ಹೆಚ್ಚಾತು

ಉದ್ಯಮಬಾಗದ ನಮ್ಮ ಎರಕದ ಶೆಡ್ಡಿನಲ್ಲಿ
ಕಾಲಿಟ್ಟ ಕೂಡಲೇ ಕಣ್ಣಿಗೆ ಬೀಳುತ್ತಿದ್ದದ್ದು
ಕರಿಹಲಗೆ:
ನಿನ್ನೆ ಕೆಟ್ಟದ್ದು ನಲವತ್ತೊಂದು.
ಅದರ ಕೆಳಗೆ ಯಾರದು ಎಷ್ಟು, ಹೆಸರು ಸಮೇತ.
ಬರೆಯುತ್ತಿದ್ದವಳು ನಾನೇ.
ಅಕ್ಷರ ದುಂಡಗಿವೆ ಅಂತ ಮಾಲಕರು ಹೊಗಳಿದ್ದರು.

ಅದನ್ನು ಓದಿ ಒಳಗೆ ಹೋದವರು
ಎಂಟು ತಾಸು ತಮ್ಮ ತಮ್ಮ ಮರಳನ್ನಷ್ಟೇ ನೋಡುತ್ತಿದ್ದರು.
ಮಶಾಕನ ಕೋರು ಸೀಳಿದ್ದು
ಭರಮಾಣಿಗೆ ಕಾಣುತ್ತಿತ್ತು,
ಅನ್ನುತ್ತಿರಲಿಲ್ಲ.
ಸೀಳಿದ್ದರ ಮೇಲೇ ಕೆಂಡದಂಥ ಕಬ್ಬಿಣ ಸುರಿಯುತ್ತಿತ್ತು.
ನಾಳೆಯ ಹಲಗೆಗೆ ನನ್ನ ಸುಣ್ಣದ ಕಡ್ಡಿ ತಯಾರಿರುತ್ತಿತ್ತು.

ಜಿಟಿಜಿಟಿ ಮಳೆಯ ಜೂನಿನಲ್ಲಿ ಪುಣೆಯಿಂದ ಒಬ್ಬರು ಬಂದರು,
ಕೊರಳಲ್ಲಿ ಗುರುತಿನ ಪಟ್ಟಿ, ಬಗಲಲ್ಲಿ ಹಳದಿ ಹಾಳೆಗಳು.
ಕೆಲಸಕ್ಕೆ ಮೊದಲು ಐದು ನಿಮಿಷ
ಚದುರಿದ ಪದ ಜೋಡಿಸಬೇಕಂತೆ:
ಕೈ, ಸೇತುವೆ, ನಾವು, ಕೂಡಿ, ಎತ್ತು.
ಪದದೊಳಗೆ ಬೀಜ ಇರುತ್ತದಂತೆ,
ಮನಸ್ಸಿಗೇ ಗೊತ್ತಾಗದ ಹಾಗೆ ಮೊಳೆಯುತ್ತದಂತೆ.
ಜಿನಪಾಲ ಸರಿಯಾಗಿ ಬರೆದ.
ಭರಮಾಣಿ ಬರೆದದ್ದು:
ನಾವು ಎತ್ತು ಕೂಡಿ ಸೇತುವೆ ಕೈ ಬಿಟ್ಟೆವು.
ಗೋಡೆಗೊಂದು ಚಿತ್ರವೂ ಬಂತು,
ಯಾವುದೋ ದೇಶದ ನೀರು, ಎಂಟು ಮಂದಿ, ಎಂಟು ಹುಟ್ಟು.
ಮಶಾಕ ನಿಂತು ನೋಡಿದ:
"ದೋಣಿ ಯಾರದಂತ ಬರದಿಲ್ಲಲ್ರಿ ಇದರಾಗ."

ಮರುದಿನ ಮನೆ ಬಿಡುವಾಗ ಅವಸರಕ್ಕೆ "ಹೋಗ್ತೀನಿ" ಅಂದೆ.
ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು:
"ಹೋಗಿ ಬರ್ತೀನಿ ಅನ್ನ."
ಅಂದೆ. ಅಂದ ಮೇಲೇ ದಾರಿ ಬಿಟ್ಟಳು.
ಬಸ್ಸಿನಲ್ಲಿ ಮೂರನೇ ಗೇಟು ದಾಟುವ ತನಕ ಅದೇ ಯೋಚನೆ.
ದೀಪ ಆರಿಸು ಅನ್ನದವಳು, ದೊಡ್ಡದು ಮಾಡು ಅನ್ನುವವಳು,
ಬಳೆ ಒಡೆದರೆ ಹೆಚ್ಚಾತು ಅನ್ನುವವಳು,
ಇವಳು ಯಾವ ತರಬೇತಿಗೆ ಹೋಗಿದ್ದಳು?

ಆವತ್ತು ಹಲಗೆ ಒರೆಸಿದೆ.
ಏನೂ ಬರೆಯಲಿಲ್ಲ.
ಕೆಟ್ಟ ಪಂಪಿನ ಮೈ ಒಂದನ್ನು ನಡುಮಧ್ಯೆ ಕೊಯ್ಯಿಸಿ
ಚಾ ಕುಡಿಯುವ ಮೇಜಿನ ಮೇಲಿಟ್ಟೆ.
ಒಳಗೆ ಹುತ್ತದಂಥ ತೂತುಗಳು.
ಯಾರದೆಂದು ಚೀಟಿ ಇಲ್ಲ.

ಮೊದಲು ಯಾರೂ ಮುಟ್ಟಲಿಲ್ಲ. ಎರಡನೇ ಚಾಕ್ಕೆ
ಮರಳು ಸಾಣಿಸುವ ಲಗಮವ್ವ ಬೆರಳು ಹಾಕಿ ನೋಡಿದಳು.
ಹನ್ನೊಂದು ವರ್ಷದಲ್ಲಿ ಅವಳನ್ನು ಯಾರೂ ಏನೂ ಕೇಳಿರಲಿಲ್ಲ,
ನಾನೂ.
"ರೊಟ್ಟಿಗೆ ತೂತು ಬಿದ್ರ ಉಬ್ಬೂದಿಲ್ಲ.
ಇದಕ್ಕ ತೂತಿಲ್ಲ, ಅದಕ್ಕ ಒಳಗ ಉಬ್ಬೇತಿ.
ಮ್ಯಾಲಷ್ಟ ಚುಚ್ಚತೀರಿ. ಕೊಳ್ಳಾಗ ಉಸಿರು ಎಲ್ಲಿಂದ ಹೋಗಬೇಕ?"
ಜಿನಪಾಲ ಬಸಿ ಕೆಳಗಿಟ್ಟ.
ಮಶಾಕ ಹೊರಗೆ ಹೋಗಿ
ತನ್ನ ಸೈಕಲ್ಲಿನ ಕಡ್ಡಿ ಒಂದು ಬಿಚ್ಚಿಕೊಂಡು ಬಂದ.

ಗುರುವಾರ, ಹಸಿ ಕೋರು ಅವನ ಕೈಯಲ್ಲೇ ಎರಡಾಯಿತು.
ಶೆಡ್ಡಿಗೆ ಶೆಡ್ಡೇ ಹಲಗೆಯ ಕಡೆ ತಿರುಗಿತು, ರೂಢಿ.
ಹಲಗೆ ಖಾಲಿ.
ನನ್ನ ಅವ್ವನ ಮಾತು ನಾನು ಯಾರಿಗೂ ಹೇಳಿರಲಿಲ್ಲ,
ಆದರೆ ಭರಮಾಣಿಗೂ ಒಬ್ಬಳು ಅವ್ವ ಇದ್ದಳಲ್ಲ.
"ಹೆಚ್ಚಾತು ಬಿಡೋ" ಅಂದ.
ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ.
ನಗುತ್ತಲೇ ನಾಲ್ಕು ಕೈ ಬಂದು ಪೆಟ್ಟಿಗೆ ಎತ್ತಿದವು.

ತಿಂಗಳ ಕೊನೆಗೆ ಹತ್ತೊಂಬತ್ತು.
ಪುಣೆಯವರು ಅದು ಚಿತ್ರದ ಫಲವೆಂದು ವರದಿ ಬರೆದರು.
ಮಾಲಕರು ಹೊಸ ಮರಳಿನದು ಅಂದರು; ಮರಳೂ ಬದಲಾಗಿತ್ತು, ಸುಳ್ಳಲ್ಲ.
ನನಗೆ ಗೊತ್ತಿಲ್ಲ.
ಮನಸ್ಸಿಗೆ ಗೊತ್ತಾಗದಂತೆ ಮನಸ್ಸು ತಿರುಗಿಸುವುದು
ಸರಿಯೋ ತಪ್ಪೋ ಎಂದು ಕೇಳಹೊರಟರೆ,
ಆರು ವರ್ಷ ಆ ಹಲಗೆಯಿಂದ
ದುಂಡಗಿನ ಅಕ್ಷರದಲ್ಲಿ
ನಾನು ಮತ್ತೇನು ಮಾಡುತ್ತಿದ್ದೆ?

ಒಂದನೇ ತಾರೀಖು ಚೀಟಿ ಹಂಚುವಾಗ
ಭರಮಾಣಿ ಗಂಭೀರವಾಗಿ ಕೇಳಿದ:
"ಪಗಾರನೂ ಹೆಚ್ಚಾತೇನ್ರಿ ಅಕ್ಕಾರ?"
ಯಾವ ಅರ್ಥದಲ್ಲಿ ಎಂದು
ನಾನು ಕೇಳಲಿಲ್ಲ.