ಸೊನ್ನೆ ಗಾಳಿ

ಅರವತ್ತು ಮೀಟರ್ ಏಣಿ.
ಹತ್ತು ಮೀಟರಿಗೊಂದು ಕಬ್ಬಿಣದ ಜಗುಲಿ.
ಮೂರನೆಯದರಲ್ಲಿ ಕೈಗವಸು ಬದಲಿಸುತ್ತೇನೆ,
ಐದನೆಯದರಲ್ಲಿ ಬಯ್ಯುತ್ತೇನೆ, ಯಾರನ್ನೂ ಅಲ್ಲ, ಸುಮ್ಮನೆ.
ಕೆಳಗೆ ಬೊಸ್ನಾ ನದಿಯ ಕಣಿವೆಗೆ
ಜನವರಿಯ ಮಂಜು ಮುಚ್ಚಳ ಹಾಕಿ ಕೂತಿದೆ.
ಒಂದು ಮಿನಾರಿನ ತುದಿ, ಹದಿನಾಲ್ಕು ಮಹಡಿ ಕಟ್ಟಡಗಳ ನೆತ್ತಿ,
ಅಷ್ಟೇ ಹೊರಗೆ. ಮಿಕ್ಕ ಊರು ಹಾಲಿನೊಳಗೆ.
ಹಾಲು ಅಂದದ್ದು ತಪ್ಪು.
ಪಾತ್ರೆ ತೊಳೆದ ನೀರಿನೊಳಗೆ.

ಇಲ್ಲೊಂದು ತಗಡಿನ ಗೂಡು, ಗೂಡಿಗೆ ಬೀಗ, ಬೀಗದ ಒಳಗೆ ಯಂತ್ರ.
ಚಿಮ್ನಿಯ ಪಕ್ಕೆ ಕೊರೆದು ಇಳಿಸಿದ ನಳಿಗೆ
ಬಿಸಿ ಹೊಗೆಯನ್ನು ಗುಟುಕು ಗುಟುಕಾಗಿ ಹೀರುತ್ತದೆ.
ಬೆಳಕಿನ ಒಂದು ಗೆರೆ ಅಡ್ಡ ಹಾಯುತ್ತದೆ;
ಎಷ್ಟು ಬೆಳಕು ಆಚೆ ದಡ ಮುಟ್ಟಲಿಲ್ಲವೋ
ಅಷ್ಟು ಧೂಳು, ಅಷ್ಟು ಗಂಧಕ.
ನಿಮಿಷಕ್ಕೊಂದು ಅಂಕಿ ಸರಾಯೆವೊಗೆ ಹೋಗಿ
ಯಾರದೋ ಪರದೆಯ ಮೇಲೆ
ಹಸಿರು ಚುಕ್ಕಿಯಾಗಿ ಕೂರುತ್ತದೆ.

ಯಂತ್ರಕ್ಕೂ ಮರೆವು.
ಹೊಗೆ ಕುಡಿದು ಕುಡಿದು
ಸೊನ್ನೆ ಎಲ್ಲಿತ್ತೆಂಬುದೇ ಅದಕ್ಕೆ ಜಾರಿಹೋಗುತ್ತದೆ.
ಅದಕ್ಕೆಂದೇ ಮೂಲೆಯಲ್ಲಿ ಸಿಲಿಂಡರು,
ಆಸ್ಟ್ರಿಯಾದಿಂದ ಲಾರಿಯಲ್ಲಿ ಬಂದದ್ದು:
ಸೊನ್ನೆ ಗಾಳಿ. ಬೇರೇನೂ ಬೆರೆಯದ, ಬರೀ ಗಾಳಿ.
ದಿನಕ್ಕೆ ಹತ್ತು ನಿಮಿಷ ಕುಡಿಸಿದರೆ
ಯಂತ್ರ ನೆನಪಿಸಿಕೊಳ್ಳುತ್ತದೆ, ಓ, ಶುದ್ಧ ಅಂದರೆ ಇದು.

ಈ ಕಣಿವೆಯಲ್ಲಿ ಎಲ್ಲರಿಗಿಂತ ಒಳ್ಳೆಯ ಉಸಿರು
ಈ ಪೆಟ್ಟಿಗೆಯದು.

ಒಮ್ಮೆ ತಿರುಪು ಸಡಿಲಿಸಿ
ನಾನೂ ಮೂಗಿಟ್ಟು ನೋಡಿದೆ.
ವಾಸನೆ ಇಲ್ಲ, ರುಚಿ ಇಲ್ಲ,
ಅಮ್ಮನ ಅಡುಗೆಮನೆ ಇಲ್ಲ, ಶಾಲೆಯ ದಾರಿ ಇಲ್ಲ.
ಪರವೂರಿನ ಗಾಳಿ.
ಕೆಮ್ಮು ಬಂತು.

ಹೈರುದಿನ್ ಚಿಕ್ಕಪ್ಪ
(ನನಗೆ ನೆಂಟನಲ್ಲ, ಊರಿಗೇ ಚಿಕ್ಕಪ್ಪ)
ರೋಲಿಂಗ್ ಮಿಲ್ಲಿನಿಂದ ನಿವೃತ್ತ, ಈಗ ಪಾರಿವಾಳ ಸಾಕುತ್ತಾನೆ.
ಬಿಳಿ ಹಕ್ಕಿಯ ರೆಕ್ಕೆ ಬಿಡಿಸಿ ಹೆಬ್ಬೆರಳು ಎಳೆದು
ಬೆರಳನ್ನು ನನ್ನ ಕಣ್ಣೆದುರು ಹಿಡಿಯುತ್ತಾನೆ:
'ನನ್ನ ಮೀಟರು ಇದು, ಶೆವಾಲ. ನಿನ್ನದು ಏನನ್ನುತ್ತೆ?'
'ಮಿತಿಯೊಳಗೆ,' ಅನ್ನುತ್ತೇನೆ.
ಅವನು ನಗುವುದಿಲ್ಲ. ತಾಮ್ರದ ಗಿಂಡಿಯಿಂದ
ಕಾಫಿ ಬಗ್ಗಿಸುತ್ತಾನೆ, ಗಷ್ಟು ಸಮೇತ.

ಅವನ ಗೋಡೆಯಲ್ಲಿ ವಿಮೆ ಕಂಪನಿಯ ಕ್ಯಾಲೆಂಡರು.
ತಾರೀಖುಗಳ ಕೆಳಗೆ ಪೆನ್ಸಿಲಿನ ಗೀಚು:
ಎರಡು ಹತ್ತು. ಎರಡೂಕಾಲು. ಮೂರಕ್ಕೆ ಐದು ಕಮ್ಮಿ.
'ಏನಿದು?'
'ಕೆಮ್ಮಿ ಎದ್ದ ಹೊತ್ತು.
ಆಗ ಗೂಡಿನಲ್ಲಿ ಅವೂ ಎದ್ದಿರುತ್ತವೆ.'

ಆ ರಾತ್ರಿ ಮನೆಯಲ್ಲಿ ಕಂಪ್ಯೂಟರು ತೆರೆದೆ.
ಡಿಸೆಂಬರಿನ ಅಂಕಿಗಳು ಉದ್ದಕ್ಕೂ ಇಳಿದವು,
ಶಿಸ್ತಿನ ಇರುವೆ ಸಾಲು.
ನಡುನಡುವೆ ಸಾಲು ಕಡಿದಿತ್ತು.
ಹನ್ನೊಂದು ಕಡೆ. ಎರಡರಿಂದ ನಾಲ್ಕೂವರೆಯವರೆಗೆ
ಅಂಕಿಯ ಬದಲು ಒಂದೇ ಪದ: ನಿರ್ವಹಣೆ.
ಪಕ್ಕದ ಕಾಲಮ್ಮಿನಲ್ಲಿ ತಂತ್ರಜ್ಞರ ಹೆಸರು.
ನನ್ನದು.

ಆ ಹನ್ನೊಂದು ರಾತ್ರಿ ನಾನು ಮಲಗಿದ್ದೆ.
ಒಂದು ರಾತ್ರಿಯಂತೂ ಅಕ್ಕನ ಮದುವೆಗೆ
ಮೊಸ್ತಾರಿನಲ್ಲಿ ಕುಣಿಯುತ್ತಿದ್ದೆ, ಹೊಸ ಚಪ್ಪಲಿ ಕಚ್ಚಿತ್ತು.
ಬೆರಳೊಂದು, ಕೆಳಗೆ ಬೆಚ್ಚಗಿನ ಕೋಣೆಯಲ್ಲಿ,
ಒಂದು ಕೀಲಿ ಒತ್ತಿದೆ.
ಒತ್ತಿದ್ದೇ ತಡ, ಯಂತ್ರ ಕುರುಡಾಗಿದೆ
ಮೇಲೆ ಚಿಮ್ನಿ ಬಾಯಿ ತೆರೆದಿದೆ.
ಹನ್ನೊಂದಕ್ಕೆ ಹನ್ನೊಂದೂ ಆ ಪೆನ್ಸಿಲಿನಲ್ಲಿದ್ದವು.

ಯಂತ್ರ ಸುಳ್ಳು ಹೇಳಲಿಲ್ಲ, ಪಾಪ.
ಅದರ ಬಾಯಿ ಕಟ್ಟಿದ್ದರು,
ಕಟ್ಟಿದ ಬಟ್ಟೆ ನನ್ನ ಹೆಸರು.

ಬೆಳಗ್ಗೆ ಮತ್ತೆ ಏಣಿ.
ಐದನೆಯ ಜಗುಲಿಯಲ್ಲಿ ಇವತ್ತು ಬಯ್ಯಲಿಲ್ಲ, ಉಸಿರು ಬೇಕಿತ್ತು.
ಗೂಡಿನಲ್ಲಿ ಹಳೆಯದೊಂದು ರಟ್ಟಿನ ಪುಸ್ತಕವಿದೆ;
ಅಂಕಿಗಳು ತಂತಿಯಲ್ಲಿ ಹಾರಲು ಕಲಿತ ಮೇಲೆ
ಯಾರೂ ಬರೆಯದ್ದು, ಯಾರೂ ಅಳಿಸಲೂ ಆಗದ್ದು.
ಚಳಿಗೆ ಪೆನ್ನಿನ ಶಾಯಿ ಹೆಪ್ಪುಗಟ್ಟಿತ್ತು.
ಕಂಕುಳಲ್ಲಿಟ್ಟು ಕಾಯಿಸಿದೆ.

ಹನ್ನೊಂದು ತಾರೀಖು ಬರೆದೆ, ಒಂದರ ಕೆಳಗೊಂದು,
ಪ್ರತಿಯೊಂದರ ಮುಂದೆ ಅದೇ ವಾಕ್ಯ:
ಈ ಹೊತ್ತಿನಲ್ಲಿ ನಾನು ಇಲ್ಲಿರಲಿಲ್ಲ.

ಆಮೇಲೆ ಯಂತ್ರಕ್ಕೆ ಅದರ ಪಾಲಿನ
ಹತ್ತು ನಿಮಿಷ ಕುಡಿಸಿದೆ.
ಮುಳ್ಳು ನಡುಗುತ್ತ ನಡುಗುತ್ತ
ಸೊನ್ನೆಗೆ ಬರುವವರೆಗೂ ಕಾದೆ.