ಕೆಗೆ ಯಾರೂ ಹೇಳಿಲ್ಲ

ವೆಸ್ಟ್ರೇ ದ್ವೀಪದಲ್ಲಿ ಡಿಸೆಂಬರಿನ ಬೆಳಗಿನ ಒಂಬತ್ತು
ಇನ್ನೂ ರಾತ್ರಿಯೇ. ಶಾಲೆಯ ಟ್ಯೂಬ್‌ಲೈಟು
ಹತ್ತಲೋ ಬೇಡವೋ ಎಂದು ಯೋಚಿಸಿ ಹತ್ತುತ್ತದೆ.
ಕಿಟಕಿಯಾಚೆ ಕಡಲು,
ಯಾರೂ ಏನೂ ಬರೆಯದ ಕರಿಹಲಗೆ.

ಹನ್ನೊಂದು ಮಕ್ಕಳು, ಒದ್ದೆ ಉಣ್ಣೆಯ ವಾಸನೆ.
ಥೋರಾಗೆ ಆರು ವರ್ಷ. ಮುಂದಿನ ಎರಡು ಹಲ್ಲು ಬಿದ್ದು
ತನ್ನ ಹೆಸರಿನ ಮೊದಲ ಸದ್ದೇ
ಆ ಕಿಂಡಿಯಲ್ಲಿ ಗಾಳಿಯಾಗಿ ಸೋರಿಹೋಗುತ್ತದೆ.
ಸಿ, ಎ, ಟಿ. ಬೆಕ್ಕು. ಅದು ಸಲೀಸು.
ಬೆಕ್ಕು ಬಂದು ಚಾಪೆಯ ಮೇಲೆ ಕೂತಿತು,
ಮೂರಕ್ಷರಕ್ಕೆ ಮೂರು ಸದ್ದು, ಲೆಕ್ಕ ಚುಕ್ತಾ.

ಆಮೇಲೆ ಚಾಕು ಬಂತು. ನೈಫ್.
"ಮುಂದೆ ಒಂದು ಕೆ ಇದೆ, ಅದನ್ನು ಓದಬಾರದು,"
ಅಂದರು ಮಿಸೆಸ್ ಫ್ಲೆಟ್.
"ಯಾಕೆ?"
"ಹಿಂದೆ ಓದುತ್ತಿದ್ದರು. ಈಗ ಬಿಟ್ಟಿದ್ದಾರೆ."
"ಮತ್ತೆ ಕೆಗೆ ಯಾರೂ ಹೇಳಿಲ್ವಾ?"

ಮಿಸೆಸ್ ಫ್ಲೆಟ್ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.
ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ
ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಬರೆದಂತೆ ಓದು, ಓದಿದಂತೆ ಬರೆ
ಎಂಬ ನಿಯತ್ತು ಈ ಕಾಗುಣಿತಕ್ಕಿಲ್ಲ.
ಜಿ ಮತ್ತು ಎಚ್ ಎಂಬ ದಂಪತಿಯನ್ನೇ ನೋಡಿ:
ಕಾಫ್‌ನ ಕೊನೆಗೆ ಫ್ ಎಂದು ಕೆಮ್ಮುತ್ತಾರೆ,
ಗೋಸ್ಟ್‌ನ ಬಾಗಿಲಲ್ಲಿ ಒಬ್ಬನೇ ಮಾತಾಡುತ್ತಾನೆ,
ನೈಟ್‌ನ ನಡುವೆ ಇಬ್ಬರೂ ಗಪ್‌ಚಿಪ್,
ಹೊದ್ದು ಮಲಗಿದ್ದಾರೆ.

ಥೋರಾಳ ಅಜ್ಜ ಎರ್ಲೆಂಡ್ ಬಂದರಿನಲ್ಲಿ
ದೋಣಿಗಳಿಗೆ ಹೆಸರು ಬರೆಯುವವನು.
ಕೈ ನಡುಗದು, ಗೆರೆ ಕೊಂಕದು,
ಕಾಗುಣಿತ ಮಾತ್ರ ಅವನದೇ.
ಮೂವತ್ತು ವರ್ಷದ ಕೆಳಗೆ, ಏಡಿ ಹಿಡಿಯುವ ಒಂದು ದೋಣಿಗೆ
ಫೇರ್ ಡಾಟರ್ ಎಂದು ಬರೆದ,
ಜಿ-ಎಚ್ ದಂಪತಿಯನ್ನು ದಡದಲ್ಲೇ ಬಿಟ್ಟು.
ಬಣ್ಣ ಒಣಗಿದ ಮೇಲೆ ಊರು ನಕ್ಕಿತು.
ಮಾಲೀಕ ದೋಣಿಯ ಸುತ್ತ ಒಮ್ಮೆ ನಡೆದು ನೋಡಿ
"ಇರಲಿ, ಎರಡಕ್ಷರ ಭಾರ ಕಮ್ಮಿ" ಅಂದ.
ಇವತ್ತಿಗೂ ಅದು ತೇಲುತ್ತದೆ.
ಸರಿಯಾಗಿ ಬರೆಸಿಕೊಂಡ ಎರಡು ದೋಣಿ ಮುಳುಗಿವೆ;
ಎರ್ಲೆಂಡ್ ಆ ಮಾತು ಎತ್ತುವುದಿಲ್ಲ.

ಶುಕ್ರವಾರ ಉಕ್ತಲೇಖನ. ಡಾಟರ್ ಬಂತು.
ಥೋರಾ ಬರೆದಳು, ದೋಣಿಯಲ್ಲಿದ್ದ ಹಾಗೆಯೇ.
ಮಿಸೆಸ್ ಫ್ಲೆಟ್ ತಪ್ಪು ಹಾಕಿದರು; ಹಾಕಲೇಬೇಕಲ್ಲ,
ಸಂಬಳ ಅದಕ್ಕೇ.
ಆದರೂ ಆ ಕೆಂಪು ಗೀಟು ಯಾಕೋ ಗಿಡ್ಡವಾಗಿತ್ತು.

ಸಂಜೆ ಮನೆಯಲ್ಲಿ ಪುಸ್ತಕ ತೆರೆದು, ಬೆರಳಿಟ್ಟು,
"ಇಸ್... ಲ್ಯಾಂಡ್" ಎಂದು ಓದಿದಳು.
ಅಜ್ಜ ತಿದ್ದಲಿಲ್ಲ. ಅವನಿಗೆ ಗೊತ್ತಿತ್ತೋ ಇಲ್ಲವೋ.
ಇಸ್ ಲ್ಯಾಂಡ್. ನೆಲ ಇದೆ.
ಮಂಜಿನಲ್ಲಿ ಮೋಟಾರು ನಿಲ್ಲಿಸಿ ಕಿವಿಗೊಟ್ಟವನು
ಅಲೆ ಬಂಡೆಗೆ ಬಡಿವ ಸದ್ದು ಹಿಡಿದು
ಹೇಳಿಕೊಳ್ಳುವುದು ಅದನ್ನೇ ತಾನೆ.
(ಆ ಎಸ್ ಕೂಡ, ಮಿಸೆಸ್ ಫ್ಲೆಟ್ ಹೇಳುವುದುಂಟು,
ಯಾವುದೋ ಕಾಲದ ಪಂಡಿತರು
ಇಲ್ಲದ ನೆಂಟಸ್ತಿಕೆ ಹಚ್ಚಿ ತುರುಕಿದ್ದು.
ಅಜ್ಜ ಬಿಟ್ಟರೆ ತಪ್ಪು, ಅವರು ಸೇರಿಸಿದರೆ ನಿಘಂಟು.)

ಊಟವಾಯಿತು. ಹ್ಯಾಡಕ್ ಮೀನಿನ ಮುಳ್ಳು ತಟ್ಟೆಯಂಚಿನಲ್ಲಿ.
ಒರೆಸುವ ಬಟ್ಟೆ ಹಿಡಿದು ಸಿಂಕಿನ ಬಳಿ ನಿಂತ ಥೋರಾ
ಚಾಕುವನ್ನು ಬಾಯಿಯ ಹತ್ತಿರ ತಂದು,
("ಕೆಳಗಿಡು ಅದನ್ನ!" ಅಜ್ಜ ಗದರಿದ)
ತಗ್ಗಿದ ದನಿಯಲ್ಲಿ, ಹಲ್ಲಿನ ಕಿಂಡಿಯಿಂದ,
ಕೆಗೆ ಹೇಳಿಯೇಬಿಟ್ಟಳು:
"ನಿನ್ನನ್ನ ಯಾರೂ ಓದೋದಿಲ್ಲ. ನೀನು ಮನೆಗೆ ಹೋಗಬಹುದು."

ಬೆಳಿಗ್ಗೆ, ಅಂದರೆ ಕತ್ತಲಲ್ಲೇ, ಪುಸ್ತಕ ಬಿಚ್ಚಿದರೆ
ಕೆ ಅಲ್ಲೇ ಇತ್ತು,
ಗೋಡೆಗೆ ಬೆನ್ನು ಕೊಟ್ಟು,
ಒಂದು ಕೈ ಮೇಲೆ, ಒಂದು ಕಾಲು ಮುಂದೆ.