ಏಳು ರೀಲು, ಒಂದು ಜೊತೆ ಗೆಜ್ಜೆ

ಬಂಗಾರಪೇಟೆಯಿಂದ ಕೋಲಾರಕ್ಕೆ ಬರುವ ಪುಟ್ಟ ರೈಲಿನಿಂದ
ಒಂಬತ್ತು ಜನ ಇಳಿದರಂತೆ:
ಮೂರು ಪೆಟ್ಟಿಗೆ, ಒಂದು ಮುಕ್ಕಾಲಿ,
ತಗಡಿನ ಕಿರೀಟ ತುಂಬಿದ ಗೋಣಿಚೀಲ.
ಅವರಿಗೆ ಅಡವಿ ಬೇಕಿತ್ತು.
ಅಂತರಗಂಗೆಯ ಮೇಲೆ ಇದ್ದದ್ದು ಬಂಡೆ.
ಲಂಟಾನ ಕಡಿದು ತಂದು ಸಂದುಗಳಲ್ಲಿ ಸಿಕ್ಕಿಸಿ
ಇದೇ ಅಡವಿ ಅಂದರು.

ಹಿಡಿ ತಿರುಗಿಸುವವನು ಚೆಂಗಲರಾಯ.
ತುಟಿ ಸದಾ ಅಲ್ಲಾಡುತ್ತಿತ್ತು; ಜಪವಲ್ಲ, ಲೆಕ್ಕ.
ಸೆಕೆಂಡಿಗೆ ಎರಡು ಸುತ್ತು.
ಕೈ ನಿಧಾನವಾಯಿತೋ, ಪರದೆಯ ಮೇಲೆ ರಾಣಿ
ಅಟ್ಟಿಸಿಕೊಂಡ ಕೋಳಿಯಂತೆ ಓಡುತ್ತಾಳೆ.
ಗಂಡುಮಗು ಹುಟ್ಟಿದ ತಂತಿ ಹಿಡಿದು
ಅಂಚೆಯವನು ಬೆಟ್ಟ ಹತ್ತಿ ಬಂದಾಗಲೂ
ಕೈ ನಿಲ್ಲಲಿಲ್ಲ,
ಎಣಿಕೆ ಮಾತ್ರ ಸ್ವಲ್ಪ ಜೋರಾಯಿತಂತೆ.

ರಾಣಿ, ಊರಗಾಂ ಗಣಿಯ ಫೋರ್‌ಮನ್ನನ ಮಗಳು ಐರಿಸ್.
ಪರದೆಗೆ ಹೇಮಾವತಿ.
ಬಾಯಲ್ಲಿ ಗಣಿ ಲೈನಿನ ಕಲಬೆರಕೆ,
ಅರ್ಧ ತೆಲುಗು, ಕಾಲು ತಮಿಳು, ಉಳಿದದ್ದು ಬೈಗುಳ.
ಏನಾದರೇನು, ಕ್ಯಾಮೆರಾಕ್ಕೆ ಕಿವಿಯಿಲ್ಲ.

ಗುಲ್‌ಪೇಟೆಯ ಡೇರೆ. ಕುರ್ಚಿಗೆ ನಾಕಾಣೆ, ನೆಲಕ್ಕೆ ಒಂದಾಣೆ.
ಪೀರಾನ್ ಸಾಬರು ಬಿದಿರುಕೋಲು ಎತ್ತಿ
ಅಕ್ಷರ ಬಂದಾಗಲೆಲ್ಲ ಮೂರು ಭಾಷೆಯಲ್ಲಿ ಕೂಗುತ್ತಿದ್ದರು:
‘ನಾಥಾ! ಈ ಘೋರಾರಣ್ಯದಲ್ಲಿ ನನ್ನ ತೊರೆಯದಿರು!’
ಹಾರ್ಮೋನಿಯಂ ಅತ್ತಿತು. ಡೇರೆಯೆಲ್ಲ ಮೂಗು ಸೀಟಿತು.
ಹೆಂಗಸರ ಕಡೆಯಿಂದ ಒಂದು ನಗು.

ಅಕ್ಕಸಾಲೆ ಮೋನಾಚಾರಿಯ ಮಗಳು ಕಾಳಮ್ಮ.
ಹುಟ್ಟಾ ಕಿವುಡಿ. ನನ್ನ ಮುತ್ತಜ್ಜಿ.
ಅಪ್ಪ ಎಲ್ಲರೆದುರು ಬೆನ್ನಿಗೊಂದು ಕೊಟ್ಟ.
ರಾತ್ರಿ ಕುಲುಮೆಯ ಮುಂದೆ ಅವಳ ಕೈಗಳು ಹೇಳಿದವು:
ಆ ರಾಣಿ ನಾಥಾ ಅನ್ನಲಿಲ್ಲಪ್ಪ.
ಕೆಂಜಿಗ ಹತ್ತವೆ, ಬಿರ್ನೆ ಮುಗಿಸ್ರೋ
ಅಂದಳು.

ಮಾರನೆಯ ದಿನ ಆಚಾರಿಯೇ ಕರೆದೊಯ್ದ. ಅದರ ಮಾರನೆಯ ದಿನವೂ.
ಕತ್ತಲಲ್ಲಿ ಅಂಗೈ ಚಾಚುತ್ತಿದ್ದ, ಅವಳು ಬರೆಯುತ್ತಿದ್ದಳು:
ರಾಜ ಬೀಡಿ ಕೇಳುತ್ತಿದ್ದಾನೆ.
ಋಷಿಗೆ ಮೂರು ವಾರದ ಬಟವಾಡೆ ಬಾಕಿ.
ಸಾಯುವ ಸೇನಾಪತಿ ಏನೂ ಅನ್ನುತ್ತಿಲ್ಲ,
ಅವನು ನಿಜವಾಗಿ ಅಳುತ್ತಿದ್ದಾನೆ, ಯಾಕೋ.

ಆಮೇಲೆ ಪರದೆಗೆ ಬಾಯಿ ಬಂತು.
ಪೀರಾನ್ ಸಾಬರು ಕೋಲು ಹಿಡಿದು ಕುರಿಸಂತೆಗೆ ಹೋದರು.
ಐರಿಸ್ ಹಡಗು ಹತ್ತಿದಳೆಂದು ಕೆಲವರು,
ಮಾರಿಕುಪ್ಪದಲ್ಲೇ ಹೊಲಿಗೆ ಮಿಷನ್ ತುಳಿಯುತ್ತಿದ್ದಳೆಂದು ಕೆಲವರು.
ಚೆಂಗಲರಾಯ ಏಳು ರೀಲು ಹೊತ್ತುಕೊಂಡು
ಆಚಾರಿಯ ಜಗಲಿಗೆ ಬಂದ. ತೂಕಕ್ಕೆ.

ಕಾಸಿದ ಕ್ಷಾರದ ನೀರಲ್ಲಿ ಅದ್ದಿ ತೊಳೆದರು.
ಬೋಳು ಸುರುಳಿಯನ್ನು ಬಳೆಗಾರ ಒಯ್ದ.
ಗಸಿ ಒಣಗಿಸಿ, ಸುಟ್ಟು, ಬಿಳಿಗಾರ ಹಾಕಿ ಊದಿದರು.
ಚೆಂಗಲರಾಯ ಎದ್ದುಹೋಗಲಿಲ್ಲ.
ಮಡಿಲಲ್ಲಿ ಬಲಗೈ ತಿರುಗುತ್ತಿತ್ತು, ಸೆಕೆಂಡಿಗೆ ಎರಡು ಸುತ್ತು.
ಮೂಸೆಯ ತಳದಲ್ಲಿ ಎಂಟು ತೊಲಕ್ಕೆ ಕಮ್ಮಿ.
‘ಬೆಳ್ಳಿ ಇರೋದು ಕಪ್ಪಿನಲ್ಲಿ, ಆಚಾರ್ರೇ,’ ಅಂದನಂತೆ.
‘ಅವಳ ಜಡೇಲಿ, ಗವಿಯ ಬಾಯಲ್ಲಿ, ಬಂಡೆಯ ನೆರಳಲ್ಲಿ.
ಮುಖದಲ್ಲಿ ಏನೂ ಇರಲಿಲ್ಲ. ಅಲ್ಲಿ ಬರೀ ಬೆಳಕು ದಾಟುತ್ತಿತ್ತು.’

ಆ ಬೆಳ್ಳಿಗೆ ಆಚಾರಿ ಮಗಳಿಗೊಂದು ಜೊತೆ ಗೆಜ್ಜೆ ಮಾಡಿದ.
ಕಿವುಡಿಗೆ ಗೆಜ್ಜೆಯೇ ಎಂದು ಬೀದಿ ಕೇಳಿತು.
ಕಾಳಮ್ಮ ನೆಲವನ್ನು ಒದ್ದು ಒದ್ದು ನಡೆದಳು
ಮೊಣಕಾಲಿನವರೆಗೆ ಸದ್ದು ಹತ್ತಲೆಂದು.
ಸಾಯುವ ತನಕ ಹಾಗೇ ನಡೆದಳು.
ಅವಳು ಬರುವುದು ಇಡೀ ಬೀದಿಗೆ ತಿಳಿಯುತ್ತಿತ್ತು.

ಒಂದು ಕಾಲಿನದು ನನ್ನ ಬಳಿ ಇದೆ, ಬಿಸ್ಕತ್ತಿನ ಡಬ್ಬಿಯಲ್ಲಿ.
ದೊಡ್ಡಪೇಟೆಯ ಅಂಗಡಿಯವನು ಕಲ್ಲಿಗೆ ಉಜ್ಜಿ ನೋಡಿ
ಕಪ್ಪಾಗಿದೆ, ಪಾಲಿಷ್ ಮಾಡಿಕೊಡಲೇ ಅಂದ.
ಬೇಡ ಅಂದೆ.
ಅದು ಜಡೆಯೋ ಗವಿಯೋ ತಿಳಿಯದು.
ಮುಖ ಮಾತ್ರ ಅಂದೇ ತೊಳೆದ ನೀರಿನ ಜೊತೆ
ಬಚ್ಚಲು ದಾಟಿ, ಚರಂಡಿ ಹಿಡಿದು
ಕೋಲಾರಮ್ಮನ ಕೆರೆಯ ಕಡೆಗೆ ಹೋಯಿತು,
ಬಾಯಿ ತೆರೆದುಕೊಂಡೇ, ಇರುವೆಗಳನ್ನು ಬೈಯುತ್ತ.